ಯಾವ ವಾರಕ್ಕೂ ಸೇರದ ದಿನ

ಕ್ರಿಸ್‌ಮಸ್ ರಜೆಯಲ್ಲಿ ಗೆಳೆಯರೆಲ್ಲ ಬೆಂಗಳೂರಿನ ನಮ್ಮ ಮನೆಯಲ್ಲಿ ಸೇರುವುದೆಂದು ನಿಶ್ಚಯವಾದಾಗ, ಆ ದಿನದ ‘ಟ್ರಾವೆಲರ್’ ಆಟಕ್ಕೆ ಹಬ್ಬದ ಕಥೆಯೊಂದನ್ನು ಕಟ್ಟುವ ಹೊಣೆ ಕಥೆ ನಡೆಸುವ ರೆಫರಿಯಾದ ನನ್ನ ಪಾಲಿಗೆ ಬಂತು. ಮಾರ್ಕ್ ಮಿಲ್ಲರ್ ರೂಪಿಸಿದ, 1977ರಲ್ಲಿ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಪ್ರಕಟಿಸಿದ ಈ ಆಟದಲ್ಲಿ, ಮೇಜಿನ ಸುತ್ತ ಕುಳಿತವರು ನಕ್ಷತ್ರಗಳ ನಡುವೆ ಓಡಾಡುವ ಪಾತ್ರಗಳಾಗಿ ಮಾತಾಡುತ್ತಾರೆ. ಫಲ ಏನಾಗುವುದೆಂದು ಹೇಳಲಾಗದ ಕಡೆ ಎರಡು ದಾಳಗಳನ್ನು ಉರುಳಿಸುತ್ತಾರೆ. ನೌಕೆಗೆ ದೀಪದ ಸರ ಕಟ್ಟಿ, ಕೆಂಪು ಟೋಪಿಯ ರೋಬಾಟ್ ಒಂದನ್ನು ನಿಲ್ಲಿಸಿದರೆ ಹಬ್ಬದ ಕಥೆಯಾಯಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಹಬ್ಬ ಆ ಲೋಕದ ನಿಯಮಗಳೊಳಗಿಂದಲೇ ಹುಟ್ಟಬೇಕು.

ಅಂಥ ಹಬ್ಬ ಆಟದಲ್ಲಿ ಮೊದಲೇ ಇದೆ. ಅಲ್ಲಿಯ ಸಾಮ್ರಾಜ್ಯದ ಪಂಚಾಂಗ ದಿನಗಳನ್ನು 001ರಿಂದ 365ರವರೆಗೆ ಎಣಿಸುತ್ತದೆ. ಏಳು ದಿನಗಳ 52 ವಾರಗಳು ಕೂಡಿ 364 ದಿನಗಳಾದರೆ, ಮಿಕ್ಕ ಒಂದು ದಿನ, ಅಂದರೆ 001, ಯಾವ ವಾರಕ್ಕೂ ಸೇರದೆ ವರ್ಷದ ಹೊಸ್ತಿಲಲ್ಲಿ ನಿಲ್ಲುತ್ತದೆ. ಅದರ ಹೆಸರೇ ‘ಹಾಲಿಡೇ’. ಇದರ ಜೊತೆಗೆ ಇನ್ನೊಂದು ನಿಯಮವಿದೆ: ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಮಾಡುವ ಜಂಪ್ ಸುಮಾರು ಒಂದು ವಾರ ಹಿಡಿಯುತ್ತದೆ, ಮತ್ತು ಸುದ್ದಿಯೂ ನೌಕೆಗಿಂತ ಬೇಗ ಹೋಗಲಾರದು. ತಡವಾದರೆ ತಡವಾಗಿದೆ ಎಂದು ಮುಂಚಿತವಾಗಿ ತಿಳಿಸುವ ದಾರಿಯೇ ಇಲ್ಲ.

ನನ್ನ ಕಥೆಯಲ್ಲಿ 200 ಟನ್ನಿನ ಸರಕು ನೌಕೆಯೊಂದು, ಹಾಲಿಡೇಗೆ ಊರು ಸೇರಬೇಕಾದ ಆರು ಗಣಿ ಕಾರ್ಮಿಕರನ್ನು ಹೊತ್ತು ಹೊರಟಿತ್ತು. ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರನ್ನು ಕಂಡಿದ್ದ ನಮ್ಮ ಗುಂಪಿಗೆ ಅವರ ಆತುರವನ್ನು ವಿವರಿಸಬೇಕಾಗಲಿಲ್ಲ. ಅಗ್ಗದ ಟಿಕೆಟ್ಟಿನವರಾದ್ದರಿಂದ ಅವರು ‘ಲೋ ಬರ್ತ್’ ಎಂಬ ಶೀತಪೆಟ್ಟಿಗೆಗಳಲ್ಲಿ ನಿದ್ರಿಸುತ್ತಿದ್ದರು. ನಾವಾಡುವ ಹಳೆಯ ನಿಯಮದಂತೆ, ಎಬ್ಬಿಸುವಾಗ ದಾಳದ ಮೊತ್ತ 5 ಅಥವಾ ಹೆಚ್ಚು ಬರದಿದ್ದರೆ ಪ್ರಯಾಣಿಕ ಸಾಯುತ್ತಾನೆ. ನುರಿತ ವೈದ್ಯರಿದ್ದರೆ ಮೊತ್ತಕ್ಕೆ 1 ಸೇರುತ್ತದೆ. ತಲುಪಿದ ಊರಿನ ಆಸ್ಪತ್ರೆಯಲ್ಲಿ ಎಬ್ಬಿಸಿದರೆ ಇನ್ನೂ 2 ಸೇರುವುದೆಂದು ನಾನು ಬರೆದುಕೊಂಡಿದ್ದೆ. ಆಗ ಅಪಾಯವೇ ಉಳಿಯುವುದಿಲ್ಲ.

ಜಂಪ್‌ಗೆ ಮೊದಲೇ, ಕೆಟ್ಟು ನಿಂತ ಇನ್ನೊಂದು ನೌಕೆಯ ಮೊರೆ ಕೇಳಿಸಿತು. ಅದಕ್ಕೆ ನೆರವಾದರೆ ಹಬ್ಬ ತಪ್ಪುತ್ತದೆ. ಆಟಗಾರರು ಹೆಚ್ಚು ಚರ್ಚಿಸದೆ ನೆರವಿಗೆ ಹೋದರು. ನಿಜವಾದ ವಾಗ್ವಾದ ಶುರುವಾದದ್ದು ಆಮೇಲೆ, ಜಂಪ್‌ನ ನಡುವೆಯೇ 001 ಬಂದಾಗ. ಪ್ರಯಾಣಿಕರನ್ನು ನೋಡಿಕೊಳ್ಳುವ ಸ್ಟುವರ್ಡ್ ಪಾತ್ರದ ಗೆಳತಿ, ಆರು ಜನರನ್ನೂ ಈಗಲೇ ಎಬ್ಬಿಸಿ ನೌಕೆಯಲ್ಲೇ ಹಬ್ಬ ಮಾಡೋಣ ಎಂದಳು. ವೈದ್ಯನ ಪಾತ್ರದವನು ದಾಳಗಳನ್ನು ಕೈಗೆತ್ತಿಕೊಂಡು, ಉರುಳಿಸದೆ ಹಾಗೆಯೇ ಕುಳಿತ. ಅವನಿಂದ ಮೊತ್ತಕ್ಕೆ 1 ಸೇರಿದರೂ ಒಬ್ಬೊಬ್ಬರಿಗೂ 36ರಲ್ಲಿ 3 ಪಾಲು ಸಾವಿನ ಸಾಧ್ಯತೆಯಿತ್ತು. “ಅವರು ಹಬ್ಬಕ್ಕಾಗಿ ಹೊರಟವರು ನಿಜ, ಆದರೆ ಈ ಅಪಾಯಕ್ಕೆ ಒಪ್ಪುವಿರಾ ಎಂದು ಮಲಗಿರುವವರನ್ನು ನಾನು ಹೇಗೆ ಕೇಳಲಿ?” ಎಂದ. ಮೇಜಿನ ಮೇಲಿನ ಕಾಫಿ ಆರಿಹೋಗುವಷ್ಟು ಹೊತ್ತು ಅವರು ವಾದಿಸಿದರು. ಇಂಥ ವಾದವನ್ನು ಯಾವ ರೆಫರಿಯೂ ಮೊದಲೇ ಬರೆದಿಟ್ಟುಕೊಳ್ಳಲಾರ. ಈ ಆಟವನ್ನು ನಾನು ಪ್ರೀತಿಸುವುದು ಅದಕ್ಕಾಗಿಯೇ. ಕೊನೆಗೆ ಯಾರನ್ನೂ ಎಬ್ಬಿಸಲಿಲ್ಲ.

ಆಗ ಪೈಲಟ್ ನನ್ನನ್ನು ಕೇಳಿದ: “ನಾವು ಬರದಿದ್ದರೆ ಆ ಊರಿನವರು ಹಬ್ಬ ಮಾಡುತ್ತಾರೆಯೇ?” ನನ್ನ ಟಿಪ್ಪಣಿಯಲ್ಲಿ ಉತ್ತರವಿರಲಿಲ್ಲ. ಯೋಚಿಸಿದಂತೆ ಪಂಚಾಂಗವೇ ಉತ್ತರ ಕೊಟ್ಟಿತು. ಯಾವ ವಾರಕ್ಕೂ ಸೇರದ ದಿನವನ್ನು ಹಿಗ್ಗಿಸಿದರೆ ಯಾವ ವಾರವೂ ಕೆಡುವುದಿಲ್ಲ. ನೌಕೆ ಜಂಪ್‌ನಿಂದ ಹೊರಬಂದು ದಿನಾಂಕ ಕೇಳಿದಾಗ, ನಿಲ್ದಾಣದಿಂದ “ಇಲ್ಲಿ ಇನ್ನೂ 001” ಎಂಬ ಉತ್ತರ ಬಂತು. ಮನೆಗೆ ಬರಬೇಕಾದವರು ಬರುವವರೆಗೆ ಆ ಊರು ಮರುದಿನವನ್ನು ಎಣಿಸಿರಲಿಲ್ಲ. ಆಸ್ಪತ್ರೆಯಲ್ಲಿ ಆರೂ ಜನ ಎದ್ದರು. ಮುಂದಿನ ಕಥೆಯನ್ನು ಆ ಊರಿನಲ್ಲೇ ನಡೆಸಬೇಕೆಂದು ಸ್ಟುವರ್ಡ್ ಪಟ್ಟು ಹಿಡಿದಿದ್ದಾಳೆ, ಮತ್ತು ನಾನು ಈಗಾಗಲೇ ಅದರ ಗಣಿಯ ನಕ್ಷೆ ಬರೆಯತೊಡಗಿದ್ದೇನೆ.