ಎಡಗೈಯ ಚಿತ್ರ

ಪ್ರೌಢಶಾಲೆಯ ಕೊನೆಯ ವರ್ಷ ನಾನು ಡಿಜಿಟಲ್ ಚಿತ್ರಕಲೆಯ ತರಗತಿಗೆ ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ರಬ್ಬರಿನ ಮೇಲಿನ ಸಿಟ್ಟಿನಿಂದ. ಕಾಗದದ ಮೇಲೆ ನಾನು ಬಿಡಿಸಿದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಹಾಳೆ ಸವೆದು ತೂತಾಗುತ್ತಿತ್ತು. ಕಂಪ್ಯೂಟರಿನಲ್ಲಾದರೋ ಕಂಟ್ರೋಲ್, ಝಡ್ ಎರಡನ್ನೂ ಒಟ್ಟಿಗೆ ಒತ್ತಿದರೆ ಸಾಕು, ತಪ್ಪಿದ ಗೆರೆಯ ಗುರುತೂ ಉಳಿಯುವುದಿಲ್ಲ.

ಮೊದಲ ತಿಂಗಳು ಕೈಗೂ ಕಣ್ಣಿಗೂ ಜಗಳ. ಸ್ಟೈಲಸ್ ಎಂಬ ಡಿಜಿಟಲ್ ಲೇಖನಿ ಓಡುವುದು ಮೇಜಿನ ಮೇಲೆ, ಗೆರೆ ಮೂಡುವುದು ಎದುರಿನ ಪರದೆಯಲ್ಲಿ. ವೃತ್ತ ಬಿಡಿಸಹೋದರೆ ಅಮೀಬಾ ಹುಟ್ಟುತ್ತಿತ್ತು. ಆಮೇಲೆ ಬಿಂದುಗಳನ್ನಿಟ್ಟು ನಯವಾದ ಬಾಗುಗೆರೆ ಎಳೆಯುವ ಪೆನ್ ಟೂಲ್ ಬಂತು. ಅದರ ಬೆಜಿಯೆ ವಕ್ರರೇಖೆಗಳನ್ನು 1960ರ ದಶಕದಲ್ಲಿ ಕಾರಿನ ಮೈ ವಿನ್ಯಾಸಕ್ಕೆ ಬಳಸಿದವರು ರೆನೊ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ. ನಾನು ಬಿಡಿಸಿದ ಬೆರಳುಗಳೆಲ್ಲ ಬಂಪರಿನಂತೆ ಕಾಣುತ್ತಿದ್ದುದಕ್ಕೆ ಅವರನ್ನೇ ಹೊಣೆ ಮಾಡಿ ಸಮಾಧಾನಪಟ್ಟುಕೊಂಡೆ.

ವರ್ಷದ ಕೊನೆಗೆ ಮೇಡಂ ಕೊಟ್ಟ ಕೆಲಸ ಸರಳವಾಗಿತ್ತು: ಫೋಟೋ ಇಟ್ಟುಕೊಳ್ಳದೆ, ನೇರವಾಗಿ ನೋಡಿ ನಿಮ್ಮ ಎಡಗೈಯನ್ನು ಬಿಡಿಸಿ. ತೊಡಕು ಗೊತ್ತಾದದ್ದು ಕೂತ ಮೇಲೆ. ಬಿಡಿಸುವುದು ಬಲಗೈ, ಕಂಟ್ರೋಲ್-ಝಡ್ ಒತ್ತುವುದು ಎಡಗೈ. ಮಾದರಿಯಾಗಿ ಕೂತ ಕೈಯೇ ಎದ್ದು ಹೋಗಿ ತಪ್ಪು ಅಳಿಸಿ ಬರಬೇಕು! ಬಂದು ಕೂತಾಗ ಬೆರಳುಗಳು ಮೊದಲಿನಂತಿರುವುದಿಲ್ಲ, ಗೆಣ್ಣಿನ ನೆರಳು ಪಕ್ಕಕ್ಕೆ ಸರಿದಿರುತ್ತದೆ. ಹೊಸ ಗೆರೆಯೂ ತಪ್ಪು. ಮತ್ತೆ ಅಳಿಸು. ಎರಡು ತರಗತಿಗಳು ಮುಗಿದರೂ ನನ್ನ ಬಳಿ ಇದ್ದದ್ದು ಒಂದು ಹೆಬ್ಬೆರಳು.

ಹಿಂದೆ ನಿಂತು ನೋಡುತ್ತಿದ್ದ ಮೇಡಂ ಹೇಳಿದರು: "ಆ ಕೈ ಎತ್ತಬೇಡ. ತಪ್ಪಿದ್ದು ಇದ್ದಲ್ಲೇ ಇರಲಿ, ಹೊಸ ಲೇಯರ್ ತೆಗೆದು ಅದರ ಮೇಲೆ ಬಿಡಿಸು." ಲೇಯರ್ ಎಂದರೆ ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥದ್ದು. ಅಂದು ಒಂದು ಗಂಟೆ ಎಡಗೈ ಕಲ್ಲಿನಂತೆ ಕೂತಿತು. ಕೆಳಗಿನ ಲೇಯರುಗಳನ್ನು ಮಸುಕು ಮಾಡುತ್ತ, ಮೇಲೆ ಮತ್ತೊಂದು ತೆರೆಯುತ್ತ ಹೋದೆ. ಹತ್ತೊಂಬತ್ತಾದವು. ಕೊನೆಯದರಲ್ಲಿ ಇದ್ದದ್ದು ನನ್ನ ಕೈಯೇ, ಬಂಪರಲ್ಲ.

ಮುದ್ರಣದ ದಿನ ನನಗೆ ಧೈರ್ಯವಿತ್ತು. ಹಿಂದೊಮ್ಮೆ 800 ಪಿಕ್ಸೆಲ್ ಅಗಲದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಹೋಗಿ ಚೌಕಗಳ ರಾಶಿ ಪಡೆದಿದ್ದೆನಾದ್ದರಿಂದ, ಈ ಸಲ ಎ4 ಹಾಳೆಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2480×3508 ಪಿಕ್ಸೆಲ್ ಇಟ್ಟಿದ್ದೆ. ಆದರೆ ಪರದೆಯ ಮೇಲೆ ಬೆಳಕಾಗಿ ಹೊಳೆದ ನೆರಳಿನ ನೀಲಿ, ಕಾಗದದ ಮೇಲೆ ಶಾಯಿಯಾಗಿ ಇಳಿದಾಗ ಮಂಕಾಯಿತು. ಎಂಟು ಪಟ್ಟು ಹಿಗ್ಗಿಸಿಕೊಂಡು ಮೂರು ದಿನ ತಿದ್ದಿದ ಉಗುರಿನ ಅರ್ಧಚಂದ್ರ ಸಾಸಿವೆಕಾಳಿನಷ್ಟೂ ಕಾಣಲಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಬೇರೆ ಇತ್ತು. ಕೆಳಗಿನ ಲೇಯರುಗಳನ್ನು ಮರೆಮಾಡುವುದನ್ನೇ ಮರೆತಿದ್ದೆ. ಪ್ರತಿ ಬೆರಳಿನ ಸುತ್ತಲೂ ತಪ್ಪಿದ ಬೆರಳುಗಳ ತೆಳು ಗೆರೆಗಳು. ಕೈ ಸಣ್ಣಗೆ ನಡುಗುತ್ತಿರುವಂತಿತ್ತು. ಮೇಡಂ ಬಹಳ ಹೊತ್ತು ನೋಡಿ, ಅದನ್ನು ಗೋಡೆಯ ನಡುಮಧ್ಯದಲ್ಲಿ ತೂಗುಹಾಕಿ ಕೇಳಿದರು: "ಬೇಕೆಂದೇ ಹೀಗೆ ಮಾಡಿದೆಯಾ?"

ಹೌದು ಎಂದುಬಿಟ್ಟೆ.