ಕ್ಲೇಗೊಂದು ಕಾವುಪೆಟ್ಟಿಗೆ

ಮೊದಲ ದಿನ

ಎಣ್ಣೆ, ಮೇಣ ಬೆರೆಸಿದ ಮಾಡೆಲಿಂಗ್ ಕ್ಲೇ ತಣ್ಣಗಿದ್ದಾಗ ಸೋಪಿನ ಬಾರಿನಷ್ಟು ಗಟ್ಟಿ. ಹೆಬ್ಬೆರಳು ನೋಯುವ ತನಕ ನಾದಿದರೂ ಮೆತ್ತುವ ಹದಕ್ಕೆ ಬರುವುದಿಲ್ಲ. ಹೇರ್ ಡ್ರೈಯರ್ ಹಿಡಿದರೆ ಮೇಲೆ ಅಂಟು, ಒಳಗೆ ಕಲ್ಲು. ಮೈಕ್ರೋವೇವಿನಲ್ಲಿ ಇಟ್ಟರೆ ಒಂದು ಕಡೆ ಕರಗಿ ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಗಂಧಕವಿರುವ ಕ್ಲೇಯನ್ನಂತೂ ಅಡುಗೆಮನೆಯ ಹತ್ತಿರವೂ ಸುಳಿಯಗೊಡಬಾರದು. ಬೇಕಾಗಿರುವುದು 50 ಡಿಗ್ರಿ ಆಸುಪಾಸಿನ ಕಾವು, ಗಂಟೆಗಟ್ಟಲೆ, ಎಲ್ಲ ಕಡೆಗೂ ಒಂದೇ ಸಮ. ಕೋಳಿಮರಿಗಳಿಗೆ ಬಲ್ಬು ಹಾಕಿ ಕಾವು ಕೊಡುತ್ತಾರಲ್ಲ, ಅದೇ ಉಪಾಯ.

ಅಟ್ಟದಲ್ಲಿದ್ದ ತಗಡಿನ ಟ್ರಂಕು ಕೆಳಗಿಳಿಯಿತು. ಉದ್ದ 45 ಸೆಂ.ಮೀ., ಅಗಲ, ಎತ್ತರ ತಲಾ 30. ಪಿಂಗಾಣಿ ಹೋಲ್ಡರಿನಲ್ಲಿ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು. ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಕುಡಿದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲನ್ನೂ ಮೀರಿ ಶಾಖವಾಗಿಯೇ ಕಳೆಯುವ ತಂತಿ ಬಲ್ಬಿನ ದುರ್ಗುಣವೇ ನನಗೆ ಬೇಕಾದದ್ದು. ತಗಡಿನ ಪೆಟ್ಟಿಗೆಯಾದ್ದರಿಂದ ಎಲ್ಲಕ್ಕಿಂತ ಮೊದಲು ಅರ್ಥಿಂಗ್ ಕೊಟ್ಟೆ.

ಒಂದೂವರೆ ಗಂಟೆ ಕಾದೆ. 41 ಡಿಗ್ರಿ. ಅಲ್ಲಿಂದ ಮುಂದಕ್ಕೆ ಜಪ್ಪಯ್ಯ ಅನ್ನಲಿಲ್ಲ. ಒಳಗೆ ಹುಟ್ಟಿದ್ದೆಲ್ಲ ತಗಡಿನಿಂದ ಹೊರಗೆ ಹೋಗುತ್ತಿತ್ತು.

ನಾಲ್ಕನೇ ದಿನ

ಸುತ್ತಲೂ ಹೊರಗಡೆ ಥರ್ಮಾಕೋಲ್ ಅಂಟಿಸಿದೆ. ಅದೇ ಬಲ್ಬು, ಈಗ ಮುಕ್ಕಾಲು ಗಂಟೆಯಲ್ಲಿ 50 ದಾಟಿತು. ಆ ಖುಷಿಯಲ್ಲಿ ಊಟಕ್ಕೆ ಹೋಗಿ ಬಂದರೆ ವಿಚಿತ್ರ ವಾಸನೆ. ಬಲ್ಬು ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿತ್ತಷ್ಟೆ, ಆ ಬದಿಯ ಥರ್ಮಾಕೋಲ್ ಸುರುಟಿಕೊಂಡು ಗುಂಡಿ ಬಿದ್ದಿತ್ತು. ಅದು ಸುಮಾರು 80 ಡಿಗ್ರಿಗೇ ಮೆತ್ತಗಾಗುವ ವಸ್ತು, ಬೆಂಕಿ ಹಿಡಿದರೆ ಬಿಡುವುದಿಲ್ಲ. ಗೊತ್ತಿದ್ದೂ ಮಾಡಿದ ತಪ್ಪು. ಆ ಬದಿಯಿಂದ ಅದನ್ನು ಕಿತ್ತು, ಪ್ಲೈವುಡ್ ಹಾಕಿ, ಬಲ್ಬನ್ನು ನಡುವಿಗೆ ಸರಿಸಿದೆ.

ಎಂಟನೇ ದಿನ

ಥರ್ಮೋಸ್ಟಾಟ್ ಬಂತು, ಕಾವು ನೋಡಿ ಬಲ್ಬನ್ನು ತಾನೇ ಆರಿಸಿ ಹಚ್ಚುವ, ಸೆನ್ಸರ್ ತಂತಿ ಇರುವ ಪುಟ್ಟ ಡಿಜಿಟಲ್ ಬೋರ್ಡು. ಸೆನ್ಸರನ್ನು ಎಲ್ಲಿಡುವುದು ಅನ್ನುವುದರಲ್ಲೇ ಎರಡು ಸಂಜೆ ಹೋಯಿತು. ಬಲ್ಬಿನ ಹತ್ತಿರ ಇಟ್ಟರೆ ನಿಮಿಷಕ್ಕೊಮ್ಮೆ ಟಕ್ ಟಕ್, ಕ್ಲೇ ಮಾತ್ರ ತಣ್ಣಗೆ. ಕ್ಲೇ ಒಳಗೇ ಚುಚ್ಚಿದರೆ ಇನ್ನೂ ಕೆಟ್ಟದು: ಒಳಭಾಗ ಬಿಸಿಯಾಗುವಷ್ಟರಲ್ಲಿ ಸುತ್ತಲ ಗಾಳಿಯ ಕಾವು ಎಲ್ಲೋ ಏರಿ, ಮೇಲ್ಮೈ ಕರಗಿ ಎಣ್ಣೆ ಒಸರಿತು. ಕೊನೆಗೆ ತಟ್ಟೆಯ ಮಟ್ಟದಲ್ಲಿ, ಬಲ್ಬಿಗೆ ನೇರ ಕಾಣದ ಕಡೆ, ಗಾಳಿಯಲ್ಲಿ ತೂಗುಬಿಟ್ಟೆ. 52ಕ್ಕೆ ಆಫ್, 50ಕ್ಕೆ ಆನ್.

ಥರ್ಮೋಸ್ಟಾಟಿನ ರಿಲೇ, ಅಂದರೆ ಬಲ್ಬನ್ನು ಆನ್-ಆಫ್ ಮಾಡುವ ಅದರ ಸ್ವಿಚ್ಚು, ಆನ್ ಆದಲ್ಲೇ ಅಂಟಿಕೊಂಡರೆ? ಅದಕ್ಕೆ ಬಲ್ಬಿನ ಲೈನಿನಲ್ಲಿ 77 ಡಿಗ್ರಿಯ ಥರ್ಮಲ್ ಫ್ಯೂಸ್, ಅಷ್ಟು ಬಿಸಿಯಾದರೆ ತಾನೇ ಕಡಿದುಕೊಂಡು ವಿದ್ಯುತ್ತು ನಿಲ್ಲಿಸುವಂಥದ್ದು. ಮೊದಲನೆಯದನ್ನು ಬೆಸುಗೆ ಹಾಕುವಾಗಲೇ ಸುಟ್ಟೆ! ಬೆಸುಗೆಯ ಬಿಸಿಗೇ ಅದು ತನ್ನ ಕರ್ತವ್ಯ ಮುಗಿಸಿತು. ಎರಡನೆಯದನ್ನು ಸ್ಕ್ರೂ ಕನೆಕ್ಟರಿನಲ್ಲಿ ಬಿಗಿದೆ.

ಹನ್ನೊಂದನೇ ದಿನ

ಮೇಲೆ 61, ತಳದಲ್ಲಿ 44. ಬಿಸಿ ಗಾಳಿ ಮೇಲೇರಿ ಕೂತಿದೆ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ತಳದಲ್ಲಿ ಕೂರಿಸಿ, ಬಲ್ಬಿಗೂ ತಟ್ಟೆಗೂ ನಡುವೆ ತಗಡಿನ ಮರೆ ಕಟ್ಟಿದೆ. ವ್ಯತ್ಯಾಸ ಮೂರು ಡಿಗ್ರಿಗೆ ಇಳಿಯಿತು. ಇದೊಂದನ್ನು ಮೊದಲೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಅಲ್ಲಿಯ ತನಕ ನಾನು ಬರೀ ಶಾಖದ ಲೆಕ್ಕ ಹಾಕುತ್ತಿದ್ದೆ, ಗಾಳಿಯ ಲೆಕ್ಕ ಹಾಕಿರಲಿಲ್ಲ.

ಎರಡು ಕಿಲೋ ಕ್ಲೇ ಗಟ್ಟಿಯನ್ನು ಹಾಗೇ ಇಟ್ಟರೆ ನಡುಭಾಗ ಹದವಾಗಲು ಮೂರು ಗಂಟೆ ದಾಟಿತು. ಎರಡು ಸೆಂಟಿಮೀಟರ್ ದಪ್ಪದ ಹೋಳು ಕೊಯ್ದು ಹರಡಿದರೆ ಮುಕ್ಕಾಲು ಗಂಟೆ ಸಾಕು. ದಪ್ಪ ಅರ್ಧವಾದರೆ ಕಾವು ಒಳಗಿಳಿಯುವ ಹೊತ್ತು ಹೆಚ್ಚುಕಡಿಮೆ ಕಾಲು ಪಾಲಾಗುತ್ತದೆ, ಹಾಗಾಗಿ ಬಲ್ಬು ದೊಡ್ಡದು ಮಾಡುವುದಕ್ಕಿಂತ ಚಾಕು ಹಿಡಿಯುವುದು ಲೇಸು.

(ಬೇಯಿಸಿದಾಗ ಗಟ್ಟಿಯಾಗುವ ಪಾಲಿಮರ್ ಕ್ಲೇಗೆ ಈ ಪೆಟ್ಟಿಗೆ ಆಗುವುದಿಲ್ಲ. ಅದಕ್ಕೆ 130 ಡಿಗ್ರಿ ಸುಮಾರು ಬೇಕು.)

ಹದಿನಾರನೇ ದಿನ

ಬಲ್ಬು ಹೋಯಿತು. ಬದಲಿಗೆ 100 ವ್ಯಾಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ. ಒಂದೊಂದಕ್ಕೂ ಅರ್ಧ ವೋಲ್ಟೇಜು, ಎರಡೂ ಸೇರಿ ಸುಮಾರು 65 ವ್ಯಾಟು. ಕೆಂಡದ ಹಾಗೆ ಮಂದವಾಗಿ ಉರಿಯುತ್ತವೆ, ಕಣ್ಣಿಗೂ ಹಿತ, ಹೀಗೆ ಉರಿಯುವ ತಂತಿ ಬೇಗ ಸವೆಯುವುದೂ ಇಲ್ಲ. ಒಂದು ಹೋದರೆ ಎರಡೂ ಆರುತ್ತವೆ, ಅದೂ ಒಳ್ಳೆಯದೇ.

ಇನ್ನು ಕಾಡುತ್ತಿರುವುದು ಮುಚ್ಚಳ. ಒಂದು ಹಿಡಿ ಕ್ಲೇ ತೆಗೆಯಲು ತೆರೆದಾಗೆಲ್ಲ ಬಿಸಿ ಗಾಳಿಯೆಲ್ಲ ಹಾರಿಹೋಗಿ ಮತ್ತೆ ಹತ್ತು ನಿಮಿಷ ಕಾಯಬೇಕು. ತಂಪುಪೆಟ್ಟಿಗೆಗಾದರೆ ಬಾಗಿಲು ಮೇಲಿರುವುದು ಸರಿ, ತಣ್ಣನೆ ಗಾಳಿ ಕೆಳಗೇ ಕೂರುತ್ತದೆ. ನನ್ನದು ತದ್ವಿರುದ್ಧ, ನ್ಯಾಯವಾಗಿ ಬಾಗಿಲು ತಳದಲ್ಲಿರಬೇಕು. ಅಷ್ಟಕ್ಕೆ ಧೈರ್ಯವಿಲ್ಲ, ಈ ವಾರ ಮುಂಗೋಡೆಯ ಕೆಳಭಾಗದಲ್ಲಿ ಕೈ ಹಿಡಿಸುವಷ್ಟು ಕಿಂಡಿ ಕೊರೆದು, ಮೇಲಿನ ಮುಚ್ಚಳಕ್ಕೆ ಕೊಂಡಿ ಹಾಕಿಬಿಡುತ್ತೇನೆ.