ಪರದೆ ಅಳೆದಿದ್ದೆ, ವಿಂಡೋ ಅಳೆದಿರಲಿಲ್ಲ

ಮುಂಬೈಯಿಂದ ಉಡುಪಿ, ಮಂಗಳೂರು ಕಡೆ ಓಡುವ ಬಸ್ಸುಗಳ ಟಿಕೆಟ್ ಸೈಟು ನಾನು ಮಾಡಿದ್ದು. ಶುರುವಿಗೆ ಅನಾಲಿಟಿಕ್ಸ್, ಅಂದರೆ ಸೈಟಿಗೆ ಬರುವವರ ಅಂಕಿಅಂಶ, ತೆಗೆದು ಸ್ಕ್ರೀನ್ ರೆಸಲ್ಯೂಶನ್ ನೋಡಿದ್ದೆ. ಏಜೆಂಟರ ಕಂಪ್ಯೂಟರುಗಳಲ್ಲಿ ಹೆಚ್ಚಿನವು 1366 ಪಿಕ್ಸೆಲ್ ಅಗಲ, 768 ಎತ್ತರ. ಆ ಲೆಕ್ಕಕ್ಕೆ ಮೇಲೆ ಬಸ್ಸಿನ ಫೋಟೋ, ಕೆಳಗೆ ಸೀಟುಗಳ ನಕ್ಷೆ, ಬಲಗಡೆ ಪ್ರಯಾಣಿಕರ ವಿವರ, ಕೊನೆಯಲ್ಲಿ ‘ಬುಕ್ ಮಾಡಿ’ ಬಟನ್ ಇಟ್ಟೆ. ಸೈಟ್ ಬಿಟ್ಟ ಮೂರನೇ ದಿನ ಮುಂಬೈಯ ಸಾಕಿನಾಕಾದ ಕೌಂಟರಿನಿಂದ ಫೋನ್: “ಸೀಟೇನೋ ಆರಿಸಿದೆ, ಇನ್ನು ಒತ್ತುವುದೆಲ್ಲಿ ಮಾರಾಯ್ರೆ?”

ಕಣ್ಣಾರೆ ನೋಡೋಣ ಅಂತ ಹೋದೆ. ಕೌಂಟರಿನಲ್ಲಿದ್ದವರು ಬಂಟ್ವಾಳದ ಕಡೆಯ ಒಬ್ಬ ಅಣ್ಣ. ಫೋನನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮೌಸಿನ ಚಕ್ರ ತಿರುಗಿಸುತ್ತಲೇ ಇದ್ದರು. ಪರದೆಯ ಎಡ ಅರ್ಧದಲ್ಲಿ ಎಕ್ಸೆಲ್: ಬೊರಿವಲಿ, ಸಾಯನ್, ಚೆಂಬೂರು, ವಾಶಿ, ಪನ್ವೇಲ್, ಎಲ್ಲೆಲ್ಲಿ ಎಷ್ಟು ಜನ ಹತ್ತುತ್ತಾರೆ ಎನ್ನುವ ಲೆಕ್ಕ. ಬಲ ಅರ್ಧದಲ್ಲಿ ನಮ್ಮ ಸೈಟು. 1366ರ ಅರ್ಧ 683. ಸಾಲದ್ದಕ್ಕೆ ಅಕ್ಷರ ಕಾಣಲಿ ಅಂತ ಬ್ರೌಸರ್ ಝೂಮ್ 125 ಪರ್ಸೆಂಟಿಗೆ ಏರಿಸಿದ್ದರು. ಅಲ್ಲಿಗೆ ಪುಟಕ್ಕೆ ಸಿಕ್ಕಿದ್ದು 546 ಪಿಕ್ಸೆಲ್. ಅಷ್ಟು ಸಣ್ಣದಾದಾಗ ನನ್ನ ಸೈಟು ಅದನ್ನು ಮೊಬೈಲ್ ಎಂದೇ ತಿಳಿದು ಎಲ್ಲವನ್ನೂ ಒಂದರ ಕೆಳಗೊಂದು ಜೋಡಿಸಿತ್ತು. ಬಟನ್ ಪಾತಾಳದಲ್ಲಿತ್ತು.

“ವಿಂಡೋ ದೊಡ್ಡದು ಮಾಡಬಹುದಲ್ಲ ಅಣ್ಣ?”

“ಮಾಡಿದರೆ ಲೆಕ್ಕ ಮುಚ್ಚಿಹೋಗ್ತದೆ. ಸೀಟು ಎರಡು ಸಲ ಮಾರಿದರೆ ಬೈಸಿಕೊಳ್ಳುವವ ನಾನು.”

ಅವರ ಮಾತು ನೂರಕ್ಕೆ ನೂರು ಸರಿ.

ಎತ್ತರದ ಲೆಕ್ಕವನ್ನಂತೂ ನಾನು ಹಾಕಿಯೇ ಇರಲಿಲ್ಲ. ಪರದೆಗೆ ತಕ್ಕಂತೆ ಪುಟ ಹೊಂದಿಕೊಳ್ಳುವ ವಿನ್ಯಾಸಕ್ಕೆ ವೆಬ್ ಡಿಸೈನರ್ ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟಂದಿನಿಂದ ನಮ್ಮ ಮಾತೆಲ್ಲ ಹೆಚ್ಚಾಗಿ ಅಗಲದ ಸುತ್ತಲೇ. 768ರಲ್ಲಿ ಟಾಸ್ಕ್‌ಬಾರ್, ಟ್ಯಾಬು, ಅಡ್ರೆಸ್ ಬಾರ್, ಬುಕ್‌ಮಾರ್ಕಿನ ಸಾಲು ಕಳೆದರೆ ಉಳಿಯುವುದು 625ರ ಆಸುಪಾಸು. ಝೂಮ್ ಏರಿಸಿದರೆ ಅದೂ 500ಕ್ಕೆ ಇಳಿಯುತ್ತದೆ.

ವಾಪಸ್ ಬಂದು ಸಣ್ಣದೊಂದು ಸ್ಕ್ರಿಪ್ಟ್ ಬರೆದೆ. ಪುಟ ತೆರೆದಾಗ, ಮತ್ತೆ ವಿಂಡೋ ಹಿಗ್ಗಿಸಿ ಕುಗ್ಗಿಸಿ ಕೈಬಿಟ್ಟ ಅರ್ಧ ಸೆಕೆಂಡಿನ ಮೇಲೆ, ಅದರ ಒಳಗಿನ ಅಗಲ ಎತ್ತರ ದಾಖಲಾಗುತ್ತದೆ. ಇನ್ನರ್‌ವಿಡ್ತ್ ಎಂದು ಬ್ರೌಸರ್ ಕೊಡುವ ಅಗಲದ ಅಂಕಿಯಲ್ಲಿ ಸ್ಕ್ರೋಲ್‌ಬಾರ್ ಕೂಡ ಸೇರಿರುತ್ತದೆ. ಪುಟಕ್ಕೆ ನಿಜವಾಗಿ ಸಿಗುವ ಜಾಗ ಬೇಕಿದ್ದರೆ ಅದು ಕೊಡುವ ಇನ್ನೊಂದು ಅಂಕಿ, ಕ್ಲೈಂಟ್‌ವಿಡ್ತ್ ನೋಡಬೇಕು. ಅಂಕಿಗಳನ್ನು 50ರ ಗುಣಕಕ್ಕೆ ಇಳಿಸಿಯೇ ಉಳಿಸುತ್ತೇನೆ. ಯಾಕೆಂದರೆ ವಿಂಡೋದ ಕರಾರುವಾಕ್ಕು ಅಳತೆಯಿಂದಲೂ ಬಳಕೆದಾರರ ಜಾಡು ಹಿಡಿಯಬಹುದು. ಬಳಸುವವರ ಗುರುತು ಮರೆಸಲೆಂದೇ ಇರುವ ಟಾರ್ ಬ್ರೌಸರ್ ಇದೇ ಕಾರಣಕ್ಕೆ ಪುಟದ ಸುತ್ತ ಖಾಲಿ ಅಂಚು ಬಿಟ್ಟು ಅಳತೆ ಮರೆಮಾಡುತ್ತದೆ. ಟಿಕೆಟ್ ಮಾರುವವರ ಮೇಲೆ ಕಣ್ಣಿಡುವುದು ನನ್ನ ಕೆಲಸವಲ್ಲ.

ಎರಡು ವಾರದಲ್ಲಿ ಚಿತ್ರ ತಿಳಿಯಾಯಿತು. ಅರ್ಧ ವಿಂಡೋದಲ್ಲಿ ಕೆಲಸ ಮಾಡುವವರು ಅಣ್ಣ ಒಬ್ಬರೇ ಅಲ್ಲ. ಅನಾಲಿಟಿಕ್ಸಿನ ರೆಸಲ್ಯೂಶನ್ ಪಟ್ಟಿಯಲ್ಲಿ 1536 ಅಗಲದ ಕಂಪ್ಯೂಟರುಗಳೂ ಕಾಣಿಸಿಕೊಂಡವು. ಅಂಥ ಪರದೆ ನಾನು ನೋಡಿಯೇ ಇಲ್ಲವಲ್ಲ ಅಂತ ತಲೆಕೆರೆದುಕೊಂಡೆ. 1920ರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 125 ಪರ್ಸೆಂಟ್ ಸ್ಕೇಲಿಂಗ್ (ಎಲ್ಲವನ್ನೂ ಅಷ್ಟು ದೊಡ್ಡದಾಗಿ ತೋರಿಸುವುದು) ಇಟ್ಟರೆ ಸಿಗುವುದು ಅದೇ.

ಬಟನ್ನನ್ನೂ ಒಟ್ಟು ದರವನ್ನೂ ವಿಂಡೋದ ಕೆಳ ಅಂಚಿಗೆ ಅಂಟಿಸಿದೆ. ಎಷ್ಟು ಸ್ಕ್ರೋಲ್ ಮಾಡಿದರೂ ಅಲ್ಲೇ ಇರುತ್ತದೆ. ಬಸ್ಸಿನ ಫೋಟೋ ತೆಗೆದುಹಾಕಲು ಮಾಲೀಕರು ಒಪ್ಪಲಿಲ್ಲ, ಹಾಗಾಗಿ ಅದು ಪುಟದ ತಳಕ್ಕೆ ಹೋಯಿತು. ಮತ್ತೆ ಸಾಕಿನಾಕಾಕ್ಕೆ ಹೋದಾಗ ಅಣ್ಣ ಫೋನ್ ಕಿವಿಯಿಂದ ತೆಗೆಯದೆ ಟಿಕೆಟ್ ಮುಗಿಸಿ, ಪಕ್ಕದ ಪಾರ್ಸೆಲ್ ಕೌಂಟರಿನ ಕಡೆ ಕೈ ತೋರಿಸಿದರು. ಅಲ್ಲಿನ ಪರದೆ ಇನ್ನೂ ಹಳೆಯದು, ಅದರಲ್ಲೂ ಮೂರು ವಿಂಡೋ. ಸೋಮವಾರ ಅಲ್ಲಿ ಕೂರಬೇಕು.